ತಿರುಮಲ ದೇವರಾಯ

ತಿರುಮಲ ದೇವರಾಯನು ವಿಜಯನಗರ ಸಾಮ್ರಾಜ್ಯದ ನಾಲ್ಕನೆಯ ಹಾಗೂ ಕೊನೆಯ ರಾಜವಂಶವಾದ ಅರವೀಡು ಮನೆತನದ ಮೊದಲ ಅರಸ. ಯುದ್ಧದಲ್ಲಿ ಕುಸಿದ ರಾಜ್ಯದ ಹೊಣೆ ಹೊತ್ತ ಈತನು ಪಟ್ಟದಲ್ಲಿದ್ದದ್ದು ಸುಮಾರು ಎರಡು ವರ್ಷ (1570–1572) ಮಾತ್ರ. ಅಣ್ಣನಾದ ರಾಮರಾಯನಂತೆ ಈತನೂ ಕೃಷ್ಣದೇವರಾಯನ ಅಳಿಯ.

ಯುದ್ಧ ಮತ್ತು ಪತನ

1565ರ ಜನವರಿಯಲ್ಲಿ ದಖ್ಖನಿನ ಸುಲ್ತಾನರ ಒಕ್ಕೂಟದೊಡನೆ ನಡೆದ ರಕ್ಕಸತಂಗಡಿ (ತಾಳಿಕೋಟೆ) ಯುದ್ಧದಲ್ಲಿ ರಾಮರಾಯನು ಹತನಾದನು. ಕಾಳಗದಲ್ಲಿ ಒಂದು ಕಣ್ಣು ಕಳೆದುಕೊಂಡ ತಿರುಮಲನು ರಾಜಧಾನಿಗೆ ಮರಳಿ, ಹೆಸರಿಗಷ್ಟೇ ದೊರೆಯಾಗಿದ್ದ ಸದಾಶಿವರಾಯನನ್ನೂ ಬೊಕ್ಕಸವನ್ನೂ ಪೆನುಕೊಂಡೆಗೆ ಸಾಗಿಸಿದನು. ಇದರಿಂದ ರಾಜ್ಯ ಉಳಿಯಿತು. ಆದರೆ ರಕ್ಷಣೆಯಿಲ್ಲದ ವಿಜಯನಗರ ಪಟ್ಟಣವು ಕೊಳ್ಳೆಗೆ ತುತ್ತಾಗಿ ಹಾಳಾಯಿತು. ಮುಂದೆ ಅಲ್ಲಿ ಮತ್ತೆ ಜನವಸತಿ ನೆಲೆಗೊಳಿಸಲು ಆತನು ಮಾಡಿದ ಪ್ರಯತ್ನ ಫಲಿಸದೆ, ಪೆನುಕೊಂಡೆಯೇ ರಾಜಧಾನಿಯಾಯಿತು.

ಆಳ್ವಿಕೆ

1570ರ ಸುಮಾರಿಗೆ ಸ್ವಂತ ಹೆಸರಿನಲ್ಲಿ ಪಟ್ಟವೇರಿದ ತಿರುಮಲನು ಆಡಳಿತವನ್ನು ಮೂವರು ಮಕ್ಕಳಿಗೆ ಹಂಚಿದನು. ಶ್ರೀರಂಗನು ಪೆನುಕೊಂಡೆಯಿಂದ ತೆಲುಗು ಸೀಮೆಯನ್ನೂ, ರಾಮನು ಶ್ರೀರಂಗಪಟ್ಟಣದಿಂದ ಕನ್ನಡ ಸೀಮೆಯನ್ನೂ, ವೆಂಕಟಪತಿಯು ಚಂದ್ರಗಿರಿಯಿಂದ ತಮಿಳು ಸೀಮೆಯನ್ನೂ ನೋಡಿಕೊಂಡರು. ಇಂದಿನ ಮೈಸೂರು ಭಾಗದ ಪಾಳೆಯಗಾರರು ಶ್ರೀರಂಗಪಟ್ಟಣದ ಅಧೀನಕ್ಕೆ ಒಳಪಟ್ಟಿದ್ದರು. 1572ರಲ್ಲಿ ಶ್ರೀರಂಗನು ಪಟ್ಟಕ್ಕೆ ಬಂದನು. ಶ್ರೀರಂಗಪಟ್ಟಣವು 1610ರಲ್ಲಿ ಮೈಸೂರಿನ ರಾಜ ಒಡೆಯರ ವಶವಾಯಿತು. ಅರವೀಡು ಅರಸರ ಆಳ್ವಿಕೆಯು ಹದಿನೇಳನೆಯ ಶತಮಾನದ ನಡುಭಾಗದವರೆಗೂ ಮುಂದುವರಿಯಿತು.