ಸೋಲಿಗೆ ಹೆಗಲು ಕೊಟ್ಟ ಸತೀಶ್ ಧವನ್

ಟಿ.ವಿ.ಯಲ್ಲಿ ರಾಕೆಟ್ ಉಡಾವಣೆ ನೋಡುವಾಗಲೆಲ್ಲ ಒಂದು ಹೆಸರು ಕಿವಿಗೆ ಬೀಳುತ್ತದೆ: ಶ್ರೀಹರಿಕೋಟಾದ ಸತೀಶ್ ಧವನ್ ಬಾಹ್ಯಾಕಾಶ ಕೇಂದ್ರ. ವಿಕ್ರಮ್ ಸಾರಾಭಾಯ್, ಅಬ್ದುಲ್ ಕಲಾಂ ಅವರ ಬಗ್ಗೆ ನಮ್ಮ ಮಕ್ಕಳು ಪಾಠದಲ್ಲಿ ಓದಿರುತ್ತಾರೆ. ಧವನ್ ಯಾರೆಂದು ಕೇಳಿದರೆ ಹೆಚ್ಚಿನವರು ಸುಮ್ಮನಾಗುತ್ತಾರೆ. ಆದರೆ ಅವರು ತಮ್ಮ ಬದುಕಿನ ಐವತ್ತು ವರ್ಷ ಕಳೆದದ್ದು ನಮ್ಮ ಬೆಂಗಳೂರಿನಲ್ಲೇ. ನಮ್ಮ ಶಾಲೆ ಶುರುವಾದ 1975ರಲ್ಲೇ ಭಾರತದ ಮೊದಲ ಉಪಗ್ರಹ ಆರ್ಯಭಟ ಆಕಾಶಕ್ಕೇರಿತು. ಆಗ ಇಸ್ರೋ ಅಧ್ಯಕ್ಷರಾಗಿದ್ದವರು ಧವನ್. ಶಾಲೆಗೂ ಆ ಉಪಗ್ರಹಕ್ಕೂ ಒಟ್ಟಿಗೆ ಐವತ್ತು ತುಂಬಿದ ಈ ಸಂದರ್ಭದಲ್ಲಿ, ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಮೇಷ್ಟ್ರು ಕೇಳಿದಾಗ ನನಗೆ ಮೊದಲು ನೆನಪಾದದ್ದು ಅವರ ಹೆಸರು.

ಲಾಹೋರಿನಿಂದ ಬೆಂಗಳೂರಿಗೆ

ಸತೀಶ್ ಧವನ್ ಹುಟ್ಟಿದ್ದು 1920ರ ಸೆಪ್ಟೆಂಬರ್ 25ರಂದು ಶ್ರೀನಗರದಲ್ಲಿ. ಓದಿದ್ದು ಲಾಹೋರಿನಲ್ಲಿ. ಅವರ ಓದಿನ ದಾರಿ ಇಂದಿನ ಪಾಲಕರಿಗೆ ಆಶ್ಚರ್ಯ ತರಿಸುವಂಥದ್ದು. ಮೊದಲು ಗಣಿತ ಮತ್ತು ಭೌತಶಾಸ್ತ್ರದಲ್ಲಿ ಬಿ.ಎ., ಆಮೇಲೆ ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ., ಅದಾದ ಮೇಲೆ 1945ರಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್‌ನಲ್ಲಿ ಬಿ.ಇ.! ಮುಂದೆ ಅಮೆರಿಕಕ್ಕೆ ಹೋಗಿ ಮಿನ್ನೆಸೋಟಾದಲ್ಲಿ ಎಂ.ಎಸ್. ಮುಗಿಸಿ, ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್ ಸಂಸ್ಥೆಯಲ್ಲಿ ಪ್ರೊಫೆಸರ್ ಹಾನ್ಸ್ ಲೀಪ್‌ಮನ್ ಅವರ ಕೈಕೆಳಗೆ 1951ರಲ್ಲಿ ಪಿಎಚ್.ಡಿ. ಪಡೆದರು. ಅವರು ಅಮೆರಿಕದಲ್ಲಿ ಓದುತ್ತಿದ್ದಾಗಲೇ ದೇಶ ವಿಭಜನೆಯಾಗಿ, ತಾವು ಓದಿದ ಲಾಹೋರ್ ಬೇರೆ ದೇಶಕ್ಕೆ ಸೇರಿಹೋಗಿತ್ತು.

ಅದೇ ವರ್ಷ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಹಳಬರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಆವರಣಕ್ಕೆ ಬಂದರು. ಆಗ ಸಂಸ್ಥೆಯಲ್ಲಿ ಹಣ ಕಡಿಮೆ, ಯಂತ್ರಗಳೂ ಕಡಿಮೆ. ಶಬ್ದಕ್ಕಿಂತ ವೇಗವಾಗಿ ಹರಿಯುವ ಗಾಳಿಯನ್ನು ಅಭ್ಯಾಸ ಮಾಡಲು ಬೇಕಾದ ವಾಯುಸುರಂಗವನ್ನು ಧವನ್ ತಾವೇ ಕಟ್ಟಿಸಿದರು. ಯುದ್ಧಕಾಲದಲ್ಲಿ ಉಳಿದ ಸಾಮಾನುಗಳನ್ನೂ ಬಳಸಿ ಮಾಡಿದ ಅದರ ಪರೀಕ್ಷಾ ಭಾಗ ಕೆಲವೇ ಇಂಚು ಅಗಲದ್ದು. ಆದರೆ ದೇಶದಲ್ಲಿ ಅಂಥದ್ದು ಅದೇ ಮೊದಲು. ಇಂದು ವಿಮಾನ, ರಾಕೆಟ್ ವಿಭಾಗಗಳಲ್ಲಿ ಹೆಸರು ಮಾಡಿದ ಎಷ್ಟೋ ಹಿರಿಯರು ಅವರ ವಿದ್ಯಾರ್ಥಿಗಳಾಗಿ ಬೆಳೆದವರು.

1962ರಲ್ಲಿ, ಇನ್ನೂ ನಲವತ್ತರ ಆರಂಭದಲ್ಲಿದ್ದಾಗಲೇ, ಅವರು ಆ ಸಂಸ್ಥೆಯ ನಿರ್ದೇಶಕರಾದರು. 1981ರವರೆಗೂ ಆ ಸ್ಥಾನದಲ್ಲಿದ್ದರು. ನಮ್ಮ ಹಳ್ಳಿಗಳ ಮನೆಗಳಲ್ಲಿ ಹೊಗೆ ಕಡಿಮೆ ಮಾಡಿದ ಅಸ್ತ್ರ ಒಲೆಯನ್ನು ಹಲವರು ಬಲ್ಲಿರಿ. ಆ ಒಲೆಗೆ ಹೆಸರು ಕೊಟ್ಟ, ಹಳ್ಳಿಗಳಿಗೆಂದೇ ತಂತ್ರಜ್ಞಾನ ರೂಪಿಸುವ ಅಸ್ತ್ರ ಕೇಂದ್ರ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾದದ್ದು 1974ರಲ್ಲಿ, ಧವನ್ ನಿರ್ದೇಶಕರಾಗಿದ್ದಾಗ.

ಇಸ್ರೋ ಬೆಂಗಳೂರಿಗೆ ಬಂದದ್ದು

1971ರ ಡಿಸೆಂಬರ್ 30ರಂದು ವಿಕ್ರಮ್ ಸಾರಾಭಾಯ್ ಹಠಾತ್ತನೆ ತೀರಿಕೊಂಡರು. ಆಗ ಧವನ್ ರಜೆಯ ಮೇಲೆ ಕ್ಯಾಲ್‌ಟೆಕ್‌ನಲ್ಲಿದ್ದರು. ಬಾಹ್ಯಾಕಾಶ ಕಾರ್ಯಕ್ರಮದ ಹೊಣೆ ಹೊರಲು ಪ್ರಧಾನಿ ಇಂದಿರಾ ಗಾಂಧಿ ಅವರನ್ನು ಕೇಳಿಕೊಂಡರು. ಧವನ್ ಒಪ್ಪಿದರು, ಆದರೆ ಷರತ್ತು ಹಾಕಿದರು. ವಿಜ್ಞಾನ ಸಂಸ್ಥೆಯ ನಿರ್ದೇಶಕ ಹುದ್ದೆಯನ್ನು ಬಿಡುವುದಿಲ್ಲ, ಬಾಹ್ಯಾಕಾಶ ಸಂಸ್ಥೆಯ ಕೇಂದ್ರ ಕಚೇರಿ ಬೆಂಗಳೂರಿನಲ್ಲಿರಬೇಕು. ಎರಡೂ ಒಪ್ಪಿಗೆಯಾದವು. ಹೀಗೆ 1972ರಲ್ಲಿ ಅವರು ಅಧ್ಯಕ್ಷರಾದರು, ಇಸ್ರೋ ಕರ್ನಾಟಕದ್ದಾಯಿತು. ಶಿವಮೊಗ್ಗ, ಭದ್ರಾವತಿಯಿಂದ ಬಿ.ಇ. ಮುಗಿಸಿ ಬೆಂಗಳೂರಿನ ರೈಲು ಹತ್ತುವ ಹುಡುಗ ಹುಡುಗಿಯರಿಗೆ ಬಾಹ್ಯಾಕಾಶ ಸಂಸ್ಥೆ ಒಂದು ರಾತ್ರಿಯ ಪ್ರಯಾಣದ ದೂರದಲ್ಲಿದ್ದರೆ, ಅದರ ಹಿಂದೆ ಈ ಷರತ್ತೂ ಇದೆ.

ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್ ಅವರ ನೇತೃತ್ವದಲ್ಲಿ, ಪೀಣ್ಯದ ಕೈಗಾರಿಕಾ ಶೆಡ್‌ಗಳಲ್ಲಿ 360 ಕಿಲೋ ತೂಕದ ಆರ್ಯಭಟ ಸಿದ್ಧವಾಯಿತು. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಅದನ್ನು ಮೇಲಕ್ಕೆ ಒಯ್ದಿತು. ಆದರೆ ಬೇರೆಯವರ ರಾಕೆಟ್‌ನಲ್ಲಿ ಎಷ್ಟು ದಿನ ಹೋಗುವುದು? ನಮ್ಮದೇ ರಾಕೆಟ್ ಎಸ್‌ಎಲ್‌ವಿ-3 ತಯಾರಾಗುತ್ತಿತ್ತು. ಆ ಯೋಜನೆಗೆ ಧವನ್ ನಿರ್ದೇಶಕರನ್ನಾಗಿ ಆರಿಸಿದ್ದು ಎ.ಪಿ.ಜೆ. ಅಬ್ದುಲ್ ಕಲಾಂ ಎಂಬ ಎಂಜಿನಿಯರನ್ನು.

ಎರಡು ಪತ್ರಿಕಾಗೋಷ್ಠಿಗಳು

1979ರ ಆಗಸ್ಟ್ 10. ಶ್ರೀಹರಿಕೋಟಾದಲ್ಲಿ ಎಸ್‌ಎಲ್‌ವಿ-3ರ ಮೊದಲ ಉಡಾವಣೆ. ಕಲಾಂ ಅವರೇ ಮುಂದೆ ಹಲವು ಭಾಷಣಗಳಲ್ಲಿ ನೆನಪಿಸಿಕೊಂಡಂತೆ, ಕೊನೆಯ ಹೊತ್ತಿನಲ್ಲಿ ಕಂಪ್ಯೂಟರ್ ಉಡಾವಣೆಗೆ ತಡೆ ಹಾಕಿತು. ಎರಡನೇ ಹಂತದ ನಿಯಂತ್ರಣ ವ್ಯವಸ್ಥೆಯಲ್ಲಿ ಸೋರಿಕೆ ಕಂಡಿತ್ತು. ಟ್ಯಾಂಕಿನಲ್ಲಿ ಇನ್ನೂ ಸಾಕಷ್ಟು ಆಮ್ಲ ಉಳಿದಿದೆ ಎಂದು ತಜ್ಞರು ಲೆಕ್ಕ ಹಾಕಿದರು. ಕಲಾಂ ತಡೆಯನ್ನು ಬದಿಗಿಟ್ಟು ಉಡಾವಣೆಗೆ ಒಪ್ಪಿಗೆ ಕೊಟ್ಟರು. ಮೊದಲ ಹಂತ ಸರಿಯಾಗಿ ಉರಿಯಿತು. ಎರಡನೇ ಹಂತದಲ್ಲಿ ರಾಕೆಟ್ ಹಿಡಿತ ತಪ್ಪಿ ಬಂಗಾಳ ಕೊಲ್ಲಿಗೆ ಬಿತ್ತು. ವರ್ಷಗಟ್ಟಲೆ ನೂರಾರು ಜನ ದುಡಿದದ್ದು ಕೆಲವೇ ನಿಮಿಷಗಳಲ್ಲಿ ಸಮುದ್ರದ ಪಾಲಾಯಿತು.

ಅಂದು ಪತ್ರಕರ್ತರು ಕಾದಿದ್ದರು. ಧವನ್ ಕಲಾಂ ಅವರನ್ನು ಮುಂದೆ ಬಿಡದೆ ತಾವೇ ಪತ್ರಿಕಾಗೋಷ್ಠಿಗೆ ಹೋದರು. ಸೋಲಿನ ಹೊಣೆ ಸಂಸ್ಥೆಯ ಮುಖ್ಯಸ್ಥನಾದ ತನ್ನದು ಎಂದರು, ತಮ್ಮ ತಂಡದ ಮೇಲೆ ಪೂರ್ಣ ನಂಬಿಕೆಯಿದೆ, ಒಂದು ವರ್ಷದಲ್ಲಿ ಗೆಲ್ಲುತ್ತೇವೆ ಎಂದರು. ಸೋರಿಕೆ ಹೇಗಾಯಿತು, ಅದನ್ನು ಏಕೆ ಕಡೆಗಣಿಸಲಾಯಿತು ಎಂಬ ಪರಿಶೀಲನೆ ಒಳಗೆ ನಡೆಯಿತು. 1980ರ ಜುಲೈ 18ರಂದು ಅದೇ ರಾಕೆಟ್ 35 ಕಿಲೋ ತೂಕದ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಆ ದಿನವೂ ಪತ್ರಿಕಾಗೋಷ್ಠಿ ಇತ್ತು. ಅಂದು ಧವನ್ ತಾವು ಹಿಂದೆ ಉಳಿದು ಕಲಾಂ ಅವರನ್ನು ಕಳುಹಿಸಿದರು.

ಇದನ್ನು ಸಾಮಾನ್ಯವಾಗಿ ನಾಯಕನ ದೊಡ್ಡತನದ ಕಥೆಯಾಗಿ ಹೇಳುತ್ತಾರೆ. ನನ್ನ ಮಟ್ಟಿಗೆ ಇದು ಸುರಕ್ಷತೆಯ ಪಾಠವೂ ಹೌದು. ಸೋತಾಗ ಕೆಳಗಿನವರ ತಲೆ ಹೋಗುವುದಿಲ್ಲ ಎಂದು ಗೊತ್ತಾದರೆ ಅವರು ತಪ್ಪನ್ನು ಮುಚ್ಚಿಡುವುದಿಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ, ಕಾಗದದ ಕಾರ್ಖಾನೆಯಲ್ಲಿ ದುಡಿದ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಫರ್ನೇಸ್‌ನ ಸದ್ದು ಬದಲಾದರೆ ಮೊದಲು ತಿಳಿಯುವುದು ಅದರ ಮುಂದೆ ನಿಂತವನಿಗೆ. ಅವನು ಸಾಹೇಬರಿಗೆ ಹೇಳಲು ಹೆದರಿದರೆ ಅಪಾಯ ಎಲ್ಲರಿಗೂ.

ಷಟಲ್ ಕಲಿಸಿದ ಪಾಠ

ಇದಕ್ಕೆ ತದ್ವಿರುದ್ಧ ಉದಾಹರಣೆ ಅಮೆರಿಕದ ಸ್ಪೇಸ್ ಷಟಲ್. ವಿಮಾನದಂತೆ ಮರಳಿ ಬಂದಿಳಿಯುವ ಆ ನೌಕೆಯ ಜೊತೆ ನಮಗೂ ಸಂಬಂಧವಿದೆ. ಧವನ್ ಅಧ್ಯಕ್ಷರಾಗಿದ್ದಾಗ, 1983ರ ಆಗಸ್ಟ್ 30ರ ರಾತ್ರಿ ಚಾಲೆಂಜರ್ ನೌಕೆ ನಮ್ಮ ಇನ್ಸಾಟ್-1ಬಿ ಉಪಗ್ರಹವನ್ನು ಹೊತ್ತೊಯ್ದಿತು. ಷಟಲ್ ರಾತ್ರಿ ಹೊತ್ತು ಮೇಲೇರಿದ್ದು ಅದೇ ಮೊದಲು. ಹಾಸನದ ನಿಯಂತ್ರಣ ಕೇಂದ್ರ ನೋಡಿಕೊಂಡ ಆ ಉಪಗ್ರಹದಿಂದಲೇ ದೂರದರ್ಶನ ದೇಶದ ಊರೂರಿಗೆ ಹರಡಿತು. ಭಾನುವಾರ ಬೆಳಿಗ್ಗೆ ಬೀದಿಗೊಂದೇ ಟಿ.ವಿ. ಇದ್ದ ಮನೆಯಲ್ಲಿ ಕಿಕ್ಕಿರಿದು ರಾಮಾಯಣ ನೋಡಿದ ಹಿರಿಯ ವಿದ್ಯಾರ್ಥಿಗಳು ಇದನ್ನು ನೆನೆಯಬಹುದು.

ಆ ಹಾರಾಟ ಮುಗಿದ ಮೇಲೆ ಬೂಸ್ಟರ್ ರಾಕೆಟ್ಟನ್ನು ಪರೀಕ್ಷಿಸಿದಾಗ ಅದರ ಮೂತಿಯ ಒಳಪದರ ಅಂದಾಜಿಗಿಂತ ಬಹಳ ಹೆಚ್ಚು ಸವೆದು, ಅಪಾಯಕಾರಿಯಾಗಿ ತೆಳುವಾಗಿರುವುದು ಕಂಡುಬಂತು. ಯಾರಿಗೂ ತಿಳಿಯದಂತೆ ಗಂಡಾಂತರವೊಂದು ಪಕ್ಕದಲ್ಲೇ ಹಾದುಹೋಗಿತ್ತು. 1986ರ ಜನವರಿ 28ರಂದು ಅದೇ ಚಾಲೆಂಜರ್ ಹಾರಿದ 73 ಸೆಕೆಂಡುಗಳಲ್ಲಿ ಒಡೆದು ಏಳು ಜನ ಸತ್ತರು. ಈ ಬಾರಿ ಕೈಕೊಟ್ಟದ್ದು ಬೂಸ್ಟರಿನ ಕೀಲುಗಳನ್ನು ಮುಚ್ಚುವ ರಬ್ಬರ್ ಉಂಗುರ. ಚಳಿಗೆ ಅದು ಗಡುಸಾಗುತ್ತದೆ, ಹಾರಿಸಬೇಡಿ ಎಂದು ಬೂಸ್ಟರ್ ತಯಾರಿಸಿದ ಕಂಪನಿಯ ಎಂಜಿನಿಯರುಗಳು ಹಿಂದಿನ ರಾತ್ರಿಯೇ ಎಚ್ಚರಿಸಿದ್ದರು. ಮೇಲಿನವರು ಕೇಳಲಿಲ್ಲ. ಆಗ ಇನ್ಸಾಟ್-1ಸಿ ಜೊತೆ ಷಟಲ್‌ನಲ್ಲಿ ಹೋಗಲು ಇಸ್ರೋದ ಎಂಜಿನಿಯರುಗಳು ಆಯ್ಕೆಯಾಗಿದ್ದರು. ಆ ಯಾತ್ರೆ ರದ್ದಾಯಿತು, ಉಪಗ್ರಹ 1988ರಲ್ಲಿ ಯುರೋಪಿನ ರಾಕೆಟ್‌ನಲ್ಲಿ ಹೋಯಿತು.

2003ರ ಫೆಬ್ರವರಿ 1ರಂದು ಕೊಲಂಬಿಯಾ ನೌಕೆ ಭೂಮಿಗೆ ಮರಳುವಾಗ ಚೂರಾಗಿ ಕಲ್ಪನಾ ಚಾವ್ಲಾ ಸೇರಿ ಏಳು ಜನರನ್ನು ಕಳೆದುಕೊಂಡೆವು. ಉಡಾವಣೆಯ ಹೊತ್ತಿನಲ್ಲಿ ನೊರೆಯ ತುಂಡೊಂದು ಎಡರೆಕ್ಕೆಗೆ ಬಡಿದದ್ದು ಎಂಜಿನಿಯರುಗಳಿಗೆ ಗೊತ್ತಿತ್ತು. ರೆಕ್ಕೆಯ ಚಿತ್ರ ತೆಗೆಸಿ ನೋಡೋಣ ಎಂಬ ಅವರ ಕೋರಿಕೆ ಮೇಲಕ್ಕೆ ತಲುಪಿಯೂ ಫಲ ಕೊಡಲಿಲ್ಲ. 135 ಬಾರಿ ಹಾರಿದ ಷಟಲ್ 2011ರಲ್ಲಿ ನಿವೃತ್ತವಾಯಿತು. ಒಟ್ಟು 14 ಜೀವಗಳು ಹೋಗಿದ್ದವು. ಎರಡು ಸಲವೂ ಯಂತ್ರದ ದೋಷದ ಜೊತೆ, ಗೊತ್ತಿದ್ದವರ ಮಾತು ಕೇಳದ ದೋಷವೂ ಸೇರಿಕೊಂಡಿತ್ತು.

ಹಕ್ಕಿಗಳ ಗೆಳೆಯ

ಧವನ್ 1984ರಲ್ಲಿ ಇಸ್ರೋ ಅಧ್ಯಕ್ಷ ಸ್ಥಾನದಿಂದ ನಿವೃತ್ತರಾದರು. ಅಷ್ಟರಲ್ಲಿ ಅವರಿಗೆ ಪದ್ಮವಿಭೂಷಣ ಬಂದಿತ್ತು. ಶ್ರೀಹರಿಕೋಟಾದ ಪಕ್ಕದ ಪುಲಿಕಾಟ್ ಸರೋವರದ ಹಕ್ಕಿಗಳೆಂದರೆ ಅವರಿಗೆ ಬಲು ಪ್ರೀತಿ. ಹಕ್ಕಿಗಳ ಹಾರಾಟದ ವಿಜ್ಞಾನವನ್ನು ಕುರಿತು ಒಂದು ಪುಸ್ತಕವನ್ನೇ ಬರೆದರು. ಮಳೆಗಾಲದಲ್ಲಿ ಮಂಡಗದ್ದೆಗೆ ಹೋಗಿ, ತುಂಗೆಯ ನಡುವಿನ ಮರಗಳಲ್ಲಿ ಬೆಳ್ಳಕ್ಕಿಗಳು ಬಂದಿಳಿಯುವುದನ್ನು ನೋಡುವ ನಮ್ಮ ಮಕ್ಕಳಿಗೂ ಅದು ವಿಮಾನ ವಿಜ್ಞಾನದ ಮೊದಲ ಪಾಠವಾಗಬಹುದು.

2002ರ ಜನವರಿ 3ರಂದು ಅವರು ಬೆಂಗಳೂರಿನಲ್ಲಿ ನಿಧನರಾದರು. ಅದೇ ವರ್ಷ ಶ್ರೀಹರಿಕೋಟಾ ಕೇಂದ್ರಕ್ಕೆ ಅವರ ಹೆಸರಿಡಲಾಯಿತು.

ಅವರು ಬಿಟ್ಟುಹೋದದ್ದು

ಅವರ ನಂತರವೂ ಸೋಲುಗಳು ಬಂದವು. 1993ರ ಸೆಪ್ಟೆಂಬರ್ 20ರಂದು ಪಿಎಸ್‌ಎಲ್‌ವಿಯ ಮೊದಲ ಹಾರಾಟ ವಿಫಲವಾಯಿತು. ಅದಕ್ಕೆ ಸಾಫ್ಟ್‌ವೇರ್‌ನಲ್ಲಿದ್ದ ದೋಷವೂ ಒಂದು ಕಾರಣ. ಅದನ್ನು ಹುಡುಕಿ ತಿದ್ದಿದರು, ಮರುವರ್ಷ ಅಕ್ಟೋಬರ್‌ನಲ್ಲಿ ಗೆದ್ದರು. 2019ರಲ್ಲಿ ಚಂದ್ರಯಾನ-2ರ ಲ್ಯಾಂಡರ್ ಚಂದ್ರನಿಗೆ ಅಪ್ಪಳಿಸಿತು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಮೆಲ್ಲನೆ ಇಳಿಯಿತು. ಸಾಫ್ಟ್‌ವೇರ್ ಕೆಲಸದಲ್ಲಿರುವ ನಾನು ಇದನ್ನು ವೃತ್ತಿಯ ಕಣ್ಣಿನಿಂದ ನೋಡುತ್ತೇನೆ. ಏನು ತಪ್ಪಾಯಿತು ಎನ್ನುವುದಕ್ಕಿಂತ ಮೊದಲು ಯಾರು ಮಾಡಿದ್ದು ಎಂದು ಕೇಳುವ ತಂಡದಲ್ಲಿ ಮುಂದಿನ ದೋಷ ಹೊರಗೆ ಬರುವುದೇ ಇಲ್ಲ.

ಈಗ ಇಸ್ರೋ ಮುಂದೆ ಇನ್ನೂ ದೊಡ್ಡ ಹೊಣೆಯಿದೆ. ಗಗನಯಾನದಲ್ಲಿ ನಮ್ಮ ರಾಕೆಟ್ ಮನುಷ್ಯರನ್ನು ಹೊತ್ತು ಹೋಗಲಿದೆ. 2023ರ ಅಕ್ಟೋಬರ್ 21ರಂದು ಅಪಾಯದಲ್ಲಿ ಯಾತ್ರಿಗಳನ್ನು ಪಾರುಮಾಡುವ ವ್ಯವಸ್ಥೆಯ ಪರೀಕ್ಷೆ ನಡೆಯಿತು. ಹಾರಲು ಐದು ಸೆಕೆಂಡು ಇದ್ದಾಗ ಕಂಪ್ಯೂಟರ್ ತಡೆ ಹಾಕಿತು. ಇಡೀ ದೇಶ ಟಿ.ವಿ.ಯಲ್ಲಿ ನೋಡುತ್ತಿತ್ತು. ಯಾರೂ ತಡೆಯನ್ನು ಬದಿಗೆ ಸರಿಸಲಿಲ್ಲ. ಕಾರಣ ಹುಡುಕಿ, ಸರಿಪಡಿಸಿ, ಅದೇ ಬೆಳಿಗ್ಗೆ ಹತ್ತು ಗಂಟೆಗೆ ಹಾರಿಸಿ ಗೆದ್ದರು. 1979ರ ಆಗಸ್ಟನ್ನು ನೆನೆದರೆ, ಸಂಸ್ಥೆ ಎಷ್ಟು ಕಲಿತಿದೆ ಎಂಬುದು ತಿಳಿಯುತ್ತದೆ.

ಷಟಲ್‌ನಂತೆ ರೆಕ್ಕೆಯಿರುವ, ಮರುಬಳಕೆಯ ನೌಕೆಯ ಪ್ರಯೋಗವೂ ನಡೆದಿದೆ. ಅದೂ ನಮಗೆ ದೂರವಲ್ಲದ ಚಿತ್ರದುರ್ಗ ಜಿಲ್ಲೆಯಲ್ಲಿ. ಚಳ್ಳಕೆರೆ ಕಡೆಯ ಪರೀಕ್ಷಾ ಮೈದಾನದ ಮೇಲೆ ಹೆಲಿಕಾಪ್ಟರ್‌ನಿಂದ ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಟ್ಟ ನೌಕೆ, ಒಳಗೆ ಯಾರೂ ಇಲ್ಲದೆ ತಾನೇ ರನ್‌ವೇ ಹುಡುಕಿ ಇಳಿಯಿತು. 2023 ಮತ್ತು 2024ರಲ್ಲಿ ಇಂಥ ಮೂರು ಪರೀಕ್ಷೆಗಳು ಯಶಸ್ವಿಯಾದವು.

ನಮ್ಮ ಶಾಲೆಯ ಮಕ್ಕಳಲ್ಲಿ ಯಾರಾದರೂ ನಾಳೆ ಆ ತಂಡದಲ್ಲಿ ಇರಬಹುದು. ಅವರಿಗೆ ಗಣಿತ, ವಿಜ್ಞಾನ ಬೇಕು, ಅದನ್ನು ನಮ್ಮ ಮೇಷ್ಟ್ರುಗಳು ಕಲಿಸುತ್ತಾರೆ. ಅದರ ಜೊತೆಗೆ, ಲೆಕ್ಕ ಅರ್ಥವಾಗದಿದ್ದಾಗ ಕೈಯೆತ್ತಿ ಹೇಳುವ ಧೈರ್ಯವೂ ಬೇಕು. ಅದು ಬರುವುದು ಹೇಳಿದವರನ್ನು ಬಯ್ಯದ ತರಗತಿಯಲ್ಲಿ, ಮನೆಯಲ್ಲಿ. ಅಂಥ ತರಗತಿಗಳನ್ನು ನಮಗೆ ಕೊಟ್ಟ ಗುರುಗಳಿಗೆ ನಮಸ್ಕರಿಸುತ್ತಾ, ಮುಂದಿನ ಐವತ್ತು ವರ್ಷವೂ ಶಾಲೆ ಹಾಗೆಯೇ ನಡೆಯಲಿ ಎಂದು ಹಾರೈಸುತ್ತೇನೆ.