ಆಕಾಶಗಂಗೆಯ ಗರ್ಭಕ್ಕೆ ಕಿಟಕಿ ತೆರೆದ ವಾಲ್ಟರ್ ಬಾಡೆ

ಖಗೋಳವಿಜ್ಞಾನಿ ವಾಲ್ಟರ್ ಬಾಡೆಯವರು 1893ರ ಮಾರ್ಚ್ 24ರಂದು ಜರ್ಮನಿಯ ವೆಸ್ಟ್‌ಫೇಲಿಯಾ ಪ್ರಾಂತ್ಯದಲ್ಲಿ ಶಾಲಾ ಉಪಾಧ್ಯಾಯರೊಬ್ಬರ ಮಗನಾಗಿ ಜನಿಸಿದರು. ಹುಟ್ಟಿನಿಂದಲೇ ಸೊಂಟದ ಊನವಿದ್ದರೂ ವಿದ್ಯಾಸಕ್ತಿ ಕುಂದಲಿಲ್ಲ. 1919ರಲ್ಲಿ ಗಟಿಂಗೆನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು, ಹ್ಯಾಂಬರ್ಗ್ ವೀಕ್ಷಣಾಲಯದಲ್ಲಿ ಸೇವೆ ಸಲ್ಲಿಸಿ, 1931ರಲ್ಲಿ ಅಮೆರಿಕದ ಮೌಂಟ್ ವಿಲ್ಸನ್ ವೀಕ್ಷಣಾಲಯವನ್ನು ಸೇರಿದರು. ಭಾರಿ ನಕ್ಷತ್ರಸ್ಫೋಟಗಳಿಗೆ ಸೂಪರ್ನೋವಾ ಎಂಬ ಹೆಸರನ್ನು 1934ರಲ್ಲಿ ಜ್ವಿಕಿಯವರೊಡನೆ ಬಳಕೆಗೆ ತಂದವರು ಇವರೇ.

ಎರಡನೆಯ ಮಹಾಯುದ್ಧಕ್ಕೆ ಅಮೆರಿಕ ಇಳಿದಾಗ, ಜರ್ಮನ್ ಪ್ರಜೆಯಾಗಿಯೇ ಉಳಿದಿದ್ದ ಬಾಡೆಯವರು ಶತ್ರುದೇಶೀಯರೆನಿಸಿದರು. ಸಹೋದ್ಯೋಗಿಗಳು ಯುದ್ಧಕಾರ್ಯಕ್ಕೆ ತೆರಳಿದರು. ಇವರಿಗೆ ವೀಕ್ಷಣೆಯ ಅನುಮತಿ ಮಾತ್ರ ದೊರೆಯಿತು. ಯುದ್ಧಭೀತಿಯಿಂದ ಲಾಸ್ ಏಂಜಲೀಸ್ ನಗರದ ದೀಪಗಳು ಆರಿದ್ದವು. ಆ ಕತ್ತಲೆಯನ್ನೇ ವರವಾಗಿ ಮಾಡಿಕೊಂಡು, 100 ಅಂಗುಲದ ದೂರದರ್ಶಕದಿಂದ 1943ರಲ್ಲಿ ದೇವಯಾನಿ ಬ್ರಹ್ಮಾಂಡದ ಮಧ್ಯಭಾಗದ ಮಸುಕು ಪ್ರಭೆಯನ್ನು ಬಿಡಿಬಿಡಿ ತಾರೆಗಳಾಗಿ ಸೆರೆಹಿಡಿದರು. ಸುರುಳಿಬಾಹುಗಳ ನೀಲಿ ತಾರೆಗಳದು ಒಂದು ಕುಲ, ಮಧ್ಯಭಾಗದ ಹಾಗೂ ಗೋಲಗುಚ್ಛಗಳ ಕೆಂಪು ದೈತ್ಯಗಳದು ಇನ್ನೊಂದು ಕುಲವೆಂದು 1944ರಲ್ಲಿ ಪ್ರತಿಪಾದಿಸಿದರು.

ನಮ್ಮ ಆಕಾಶಗಂಗೆಯ ಕೇಂದ್ರವೋ ಸುಮಾರು 26,000 ಜ್ಯೋತಿರ್ವರ್ಷ ದೂರದಲ್ಲಿ, ಧೂಳಿನ ಮರೆಯಲ್ಲಿದೆ. ಧನೂರಾಶಿಯ ಗೋಲಗುಚ್ಛವೊಂದರ ಬಳಿ ಧೂಳು ವಿರಳವಾಗಿರುವುದನ್ನು ಬಾಡೆಯವರು ಗುರುತಿಸಿ, ಅಲ್ಲಿ ಕಂಡ ಅಸಂಖ್ಯ ತಾರೆಗಳ ವಿವರವನ್ನು 1946ರಲ್ಲಿ ಪ್ರಕಟಿಸಿದರು. ಆ ತೆರಪಿಗೆ ‘ಬಾಡೆ ಕಿಟಕಿ’ ಎಂದೇ ಹೆಸರಾಯಿತು. 1952ರಲ್ಲಿ ರೋಮ್ ಸಮ್ಮೇಳನದಲ್ಲಿ, ಬ್ರಹ್ಮಾಂಡಗಳ ದೂರವು ಅದುವರೆಗೆ ಎಣಿಸಿದ್ದರ ಇಮ್ಮಡಿಯೆಂದು ಅವರು ತೋರಿಸಿಕೊಟ್ಟರು. 1958ರಲ್ಲಿ ನಿವೃತ್ತರಾಗಿ, 1960ರ ಜೂನ್ 25ರಂದು ಗಟಿಂಗೆನ್‌ನಲ್ಲಿ ನಿಧನ ಹೊಂದಿದರು.

ಜಲಜನಕ, ಹೀಲಿಯಂಗಳಿಗಿಂತ ಭಾರವಾದ ಧಾತುಗಳನ್ನೆಲ್ಲ ಖಗೋಳಜ್ಞರು ಲೋಹವೆನ್ನುವುದು ರೂಢಿ. ಕೇಂದ್ರದ ವೃದ್ಧ ತಾರೆಗಳು ಗೋಲಗುಚ್ಛಗಳ ತಾರೆಗಳಂತೆ ಲೋಹಹೀನವಾಗಿರಬೇಕೆಂಬ ಭಾವನೆಗೆ ಬಾಡೆಯವರ ಕುಲವಿಭಾಗವೇ ಎಡೆಮಾಡಿತ್ತು. ಆದರೆ ಅದೇ ಕಿಟಕಿಯ ಕೆಂಪು ದೈತ್ಯಗಳ ರೋಹಿತವನ್ನು ಮೈಕೇಲ್ ರಿಚ್ ಅವರು 1988ರಲ್ಲಿ ಪರಿಶೀಲಿಸಿದಾಗ, ಲೋಹಾಂಶದಲ್ಲಿ ಸೂರ್ಯನಿಗಿಂತ ತೀರ ಬಡವಾದ ತಾರೆಗಳ ಜೊತೆಗೆ ಸೂರ್ಯನನ್ನು ಮೀರಿಸಿದವೂ ಕಂಡುಬಂದವು. 1994ರಲ್ಲಿ, ಕಬ್ಬಿಣಕ್ಕೆ ಹೋಲಿಸಿದರೆ ಮೆಗ್ನೀಸಿಯಂ, ಟೈಟಾನಿಯಂಗಳು ಅಲ್ಲಿ ಅಧಿಕವೆಂದು ತಿಳಿಯಿತು. ಅಲ್ಪಾಯುಷಿಗಳಾದ ಬೃಹತ್ ತಾರೆಗಳು ಸಿಡಿದು ಮೆಗ್ನೀಸಿಯಂ ಅನ್ನು ಬೇಗನೆ ಚೆಲ್ಲುತ್ತವೆ. ಕಬ್ಬಿಣದ ಬಹುಭಾಗ ತಡವಾಗಿ ಸಿಡಿಯುವ ಬೇರೆ ಬಗೆಯ ಸೂಪರ್ನೋವಾಗಳಿಂದ ಬರುತ್ತದೆ. ಆದುದರಿಂದ ಕೇಂದ್ರದ ತಾರೆಗಳಲ್ಲಿ ಬಹುಪಾಲು ಶೀಘ್ರಗತಿಯಲ್ಲಿ ರೂಪುಗೊಂಡವೆಂದು ವಿಜ್ಞಾನಿಗಳು ನಿರ್ಣಯಿಸಿದರು.

ಬಾಡೆಯವರ ಮತವನ್ನು ತಿದ್ದಿದ ಬೆಳಕು ಅವರೇ ತೋರಿದ ಕಿಟಕಿಯಿಂದ ಬಂದಿತು. ಮುಂದಿನವರು ತನಗಿಂತ ದೂರ ಕಾಣುವಂತೆ ದಾರಿ ಮಾಡಿಕೊಡುವುದೇ ವಿದ್ಯೆಯ ಸಾರ್ಥಕ್ಯವೆಂಬುದಕ್ಕೆ ಅವರ ಬಾಳು ಸಾಕ್ಷಿಯಾಗಿದೆ.