ವೈಯಾಕರಣ ಓಟೊ ಯೆಸ್ಪರ್ಸನ್

ಆಂಗ್ಲಭಾಷೆಗೆ ಏಳು ಸಂಪುಟಗಳ ಬೃಹದ್ವ್ಯಾಕರಣವೊಂದನ್ನು ರಚಿಸಿದವರು ಆಂಗ್ಲರಲ್ಲ, ಡೆನ್ಮಾರ್ಕ್ ದೇಶದ ಓಟೊ ಯೆಸ್ಪರ್ಸನ್ನರು. 1860ರ ಜುಲೈ 16ರಂದು ರಾಂಡರ್ಸ್ ಪಟ್ಟಣದಲ್ಲಿ ಜನಿಸಿದ ಇವರಿಗೆ ಬಾಲ್ಯದಲ್ಲಿಯೇ ಪಿತೃವಿಯೋಗವಾಯಿತು. ತಂದೆಯವರು ನ್ಯಾಯಾಧೀಶರಾಗಿದ್ದರು, ಮನೆತನದ ವೃತ್ತಿಯಂತೆ ಮಗನೂ ಕೋಪನ್‌ಹೇಗನ್ ವಿಶ್ವವಿದ್ಯಾಲಯದಲ್ಲಿ ಕಾನೂನು ವ್ಯಾಸಂಗಕ್ಕೆ ತೊಡಗಿದರು. ಆದರೆ ಮನಸ್ಸು ಭಾಷೆಗಳತ್ತ ಹರಿದಿತ್ತು. ಕೆಲವು ವರ್ಷಗಳಲ್ಲಿ ಆ ವ್ಯಾಸಂಗವನ್ನು ತ್ಯಜಿಸಿ, ಶಾಲೆಗಳಲ್ಲಿ ಪಾಠ ಹೇಳುತ್ತ, ಸಂಸತ್ತಿನ ಭಾಷಣಗಳನ್ನು ಶೀಘ್ರಲಿಪಿಯಲ್ಲಿ ಬರೆದುಕೊಳ್ಳುತ್ತ ಜೀವನ ಸಾಗಿಸಿ, 1887ರಲ್ಲಿ ಭಾಷಾವಿಷಯದಲ್ಲಿ ಪದವೀಧರರಾದರು. 1893ರಿಂದ 1925ರವರೆಗೆ ಅದೇ ವಿಶ್ವವಿದ್ಯಾಲಯದಲ್ಲಿ ಆಂಗ್ಲಭಾಷೆಯ ಪ್ರಾಧ್ಯಾಪಕರಾಗಿದ್ದರು.

ಲ್ಯಾಟಿನ್ ವ್ಯಾಕರಣದ ಅಚ್ಚಿನಲ್ಲಿ ಆಂಗ್ಲಭಾಷೆಯನ್ನು ಎರಕ ಹೊಯ್ಯುವುದು ಹಿಂದಿನ ವೈಯಾಕರಣರ ರೂಢಿ. ಯೆಸ್ಪರ್ಸನ್ನರು ಅದನ್ನು ಒಪ್ಪಲಿಲ್ಲ. ಗ್ರಂಥಗಳನ್ನು ಓದುವಾಗಲೆಲ್ಲ ಕಂಡ ಪ್ರಯೋಗಗಳನ್ನು ಚೀಟಿಗಳಲ್ಲಿ ಬರೆದಿಟ್ಟು, ದಶಕಗಳ ಕಾಲ ಸಂಗ್ರಹಿಸಿ, ಪ್ರಯೋಗವೇ ಪ್ರಮಾಣವೆಂಬ ನೆಲೆಯಲ್ಲಿ ನಿಂತು ಬರೆದರು. ಬೃಹದ್ವ್ಯಾಕರಣದ ಮೊದಲ ಸಂಪುಟ 1909ರಲ್ಲಿ ಹೊರಬಂದಿತು.

ಅವರ ಪ್ರತಿಭೆಯನ್ನರಿಯಲು ನಮ್ಮ ಉಪಾಧ್ಯಾಯರು ನಿತ್ಯವೂ ಬೋಧಿಸುವ 'ಇನ್‌ಫಿನಿಟಿವ್' ಒಂದೇ ಸಾಕು. 'ಟು ರೀಡ್ ಈಸ್ ಗುಡ್' ಎಂಬಲ್ಲಿ 'ಟು ರೀಡ್' ನಾಮಪದದಂತೆ ಕರ್ತೃಸ್ಥಾನದಲ್ಲಿದೆ. 'ಎ ಬುಕ್ ಟು ರೀಡ್' ಎಂಬಲ್ಲಿ ಅದೇ ಪದ ಪುಸ್ತಕಕ್ಕೆ ವಿಶೇಷಣ. 'ಹಿ ಕೇಮ್ ಟು ರೀಡ್' ಎಂಬಲ್ಲಿ ಬಂದ ಉದ್ದೇಶವನ್ನು ತಿಳಿಸುವ ಕ್ರಿಯಾವಿಶೇಷಣ. ರೂಪ ಒಂದು, ಕಾರ್ಯ ಮೂರು. ಯೆಸ್ಪರ್ಸನ್ನರು ಪದದ ಜಾತಿಯನ್ನೂ ವಾಕ್ಯದಲ್ಲಿ ಅದರ ಪದವಿಯನ್ನೂ ಬೇರ್ಪಡಿಸಿ, ಈ ಮೂರನ್ನು ಪ್ರಥಮ, ದ್ವಿತೀಯ, ತೃತೀಯ ಶ್ರೇಣಿಗಳೆಂದು ಕರೆದರು. ತೃತೀಯ ಶ್ರೇಣಿಯಲ್ಲಿ ನಿಂತ ಮಾತ್ರಕ್ಕೆ ಇನ್‌ಫಿನಿಟಿವ್ ತನ್ನ ಜಾತಿ ಬಿಟ್ಟು ಕ್ರಿಯಾವಿಶೇಷಣವೇ ಆಗಿಬಿಡುವುದಿಲ್ಲ. ಅದರ ಕೆಲಸವನ್ನು ಮಾಡುತ್ತದೆ, ಅಷ್ಟೆ.

ಸಂಸ್ಕೃತಜ್ಞರಿಗೆ ಇದು ತೀರ ಅಪರಿಚಿತವಲ್ಲ. ಒಂದು ಕ್ರಿಯೆಗಾಗಿ ಮತ್ತೊಂದು ಕ್ರಿಯೆ ನಡೆಯುವಲ್ಲಿ ಪಾಣಿನಿಯು ತುಮುನ್ ಪ್ರತ್ಯಯವನ್ನು ವಿಧಿಸಿದ್ದಾನೆ. ಆ ರೂಪ ಅವ್ಯಯ. ಕನ್ನಡದಲ್ಲಿ 'ಓದಲು ಬಂದನು' ಎಂಬಲ್ಲಿನ 'ಓದಲು' ಕೃದಂತಾವ್ಯಯ. ಆದರೆ ಸಾದೃಶ್ಯವನ್ನು ನಂಬಿ ಮುಂದೆ ಸಾಗಿದರೆ ವಿದ್ಯಾರ್ಥಿ ಎಡವುತ್ತಾನೆ. 'ಹಿ ಲಿವ್ಡ್ ಟು ಬಿ ನೈಂಟಿ' ಎಂಬಲ್ಲಿ ಉದ್ದೇಶವಿಲ್ಲ, ಫಲ ಮಾತ್ರವಿದೆ. ಅದನ್ನು 'ತೊಂಬತ್ತಾಗಲು ಬದುಕಿದನು' ಎಂದರೆ ಕನ್ನಡವೂ ಕೆಟ್ಟಿತು, ಅರ್ಥವೂ ಕೆಟ್ಟಿತು. 'ತೊಂಬತ್ತು ವರ್ಷದವರೆಗೆ ಬದುಕಿದನು' ಎನ್ನಬೇಕು. 'ಗ್ಲ್ಯಾಡ್ ಟು ಸೀ' ಎಂಬಲ್ಲಿ ಕಾಣುವುದು ಸಂತೋಷಕ್ಕೆ ಕಾರಣವೇ ಹೊರತು ಉದ್ದೇಶವಲ್ಲ.

ಈ ವೈವಿಧ್ಯಕ್ಕೆ ಮೂಲ ಭಾಷೆಯ ಚರಿತ್ರೆಯಲ್ಲಿದೆ. ಪ್ರಾಚೀನ ಆಂಗ್ಲದಲ್ಲಿ 'ಟು' ಎಂಬುದು ಚತುರ್ಥೀರೂಪದ ಧಾತುನಾಮಕ್ಕೆ ಮುಂದೆ ಸೇರಿ, ಮುಖ್ಯವಾಗಿ 'ಅದಕ್ಕಾಗಿ' ಎಂಬ ಅರ್ಥವನ್ನು ಕೊಡುತ್ತಿತ್ತು. ಕಾಲಕ್ರಮದಲ್ಲಿ ವಿಭಕ್ತಿಪ್ರತ್ಯಯ ಸವೆಯಿತು, 'ಟು' ಎಲ್ಲೆಡೆ ಹರಡಿತು, ಅದರ ಅರ್ಥ ತೆಳುವಾಯಿತು. ಆದುದರಿಂದಲೇ 'ಟು' ಮತ್ತು ಧಾತುವಿನ ನಡುವೆ ಬೇರೊಂದು ಪದ ಬರಕೂಡದೆಂಬ ಪಂಡಿತರ ಕಟ್ಟಳೆಗೆ ಯೆಸ್ಪರ್ಸನ್ನರು ಮಣಿಯಲಿಲ್ಲ. 'ಟು' ಇಲ್ಲದೆಯೂ ಇನ್‌ಫಿನಿಟಿವ್ ಇರುವಾಗ, ಒಡೆಯಿತೆನ್ನಲು ಅಲ್ಲಿ ಒಂದೇ ವಸ್ತುವೆಲ್ಲಿದೆ ಎಂಬುದು ಅವರ ವಾದ. ಶಾಲೆಗಳಲ್ಲಿ ಆ ಕಟ್ಟಳೆಯ ಹೆಸರಿನಲ್ಲಿ ಎಷ್ಟು ಒಳ್ಳೆಯ ವಾಕ್ಯಗಳಿಗೆ ಕೆಂಪು ಗೆರೆ ಬಿದ್ದಿದೆಯೋ!

1928ರಲ್ಲಿ ಅವರು ನೋವಿಯಲ್ ಎಂಬ ಕೃತಕ ಅಂತರರಾಷ್ಟ್ರೀಯ ಭಾಷೆಯನ್ನೂ ರಚಿಸಿದರು, ಅದು ಬೇರೂರಲಿಲ್ಲ. ಇನ್‌ಫಿನಿಟಿವ್ ವಿವೇಚನೆಯುಳ್ಳ ಐದನೆಯ ಸಂಪುಟ ಪ್ರಕಟವಾದುದು 1940ರಲ್ಲಿ. ಅವರಿಗೆ ಎಂಬತ್ತು ತುಂಬಿದ ಆ ವರ್ಷದ ಏಪ್ರಿಲ್‌ನಲ್ಲಿಯೇ ಜರ್ಮನ್ ಸೇನೆ ಡೆನ್ಮಾರ್ಕನ್ನು ಆಕ್ರಮಿಸಿತು. ಸ್ವದೇಶ ಪರರ ವಶದಲ್ಲಿರುವಾಗಲೂ ಲೇಖನಿ ನಿಲ್ಲಲಿಲ್ಲ; 1942ರಲ್ಲಿ ಸಹಾಯಕರೊಡಗೂಡಿ ಆರನೆಯ ಸಂಪುಟವನ್ನು ಹೊರತಂದರು. 1943ರ ಏಪ್ರಿಲ್ 30ರಂದು ಕಾಲವಾದರು. ಉಳಿದ ಏಳನೆಯ ಸಂಪುಟವನ್ನು ನೀಲ್ಸ್ ಹೈಸ್ಲುಂಡ್ ಅವರು ಪೂರ್ಣಗೊಳಿಸಿ 1949ರಲ್ಲಿ ಪ್ರಕಟಿಸಿದರು.